ತುಪ್ಪ ಬೆಣ್ಣೆಯಾಗುವುದೆ?

ಬೆಣ್ಣೆಯನ್ನು ಕಾಯಿಸಿದರೆ ತುಪ್ಪವಾಗುತ್ತದೆ. ಇಷ್ಟನ್ನು ತಿಳಿಯಲು ಯಾರೂ ಶಾಲೆಗೆ ಹೋಗಬೇಕಾಗಿಲ್ಲ. ಆದರೆ ತುಪ್ಪ ತಿರುಗಿ ಬೆಣ್ಣೆಯಾಗುತ್ತದೆ ಎಂದರೆ? ಮೊಸರು ಮತ್ತೆ ಹಾಲಾಯಿತು, ಅನ್ನ ಮತ್ತೆ ಅಕ್ಕಿಯಾಯಿತು ಎಂದ ಹಾಗೆ ಕೇಳಿಸೀತು. ಆದರೂ ನಮ್ಮ ನೆಲಮಂಗಲದ ಸೀಮೆಯಲ್ಲಿ ಇದು ಮನೆಮನೆಯ ಮಾತು.

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ದಾಬಸ್‌ಪೇಟೆಯನ್ನು ಮುಟ್ಟಿ ಎಡಕ್ಕೆ ತಿರುಗಿದರೆ ಶಿವಗಂಗೆಯ ಬೆಟ್ಟ ಎದುರಾಗುತ್ತದೆ. ಒಂದು ದಿಕ್ಕಿನಿಂದ ನಂದಿಯಂತೆ, ಇನ್ನೊಂದರಿಂದ ಲಿಂಗದಂತೆ, ಮತ್ತೊಂದರಿಂದ ಗಣಪತಿಯಂತೆ, ಮಗುದೊಂದರಿಂದ ಹೆಡೆಯೆತ್ತಿದ ಸರ್ಪದಂತೆ ಕಾಣುವ ಬೆಟ್ಟವೆಂದು ಅದಕ್ಕೆ ಖ್ಯಾತಿ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ದೇಹ ಬಿಟ್ಟದ್ದು ಇಲ್ಲಿಯೇ ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಈ ಬೆಟ್ಟದಲ್ಲಿ, ಬಂಡೆಯ ಒಡಲಿನಲ್ಲಿ, ಗಂಗಾಧರೇಶ್ವರನ ಗುಡಿಯಿದೆ. ಭಕ್ತರು ಒಯ್ದು ಕೊಟ್ಟ ತುಪ್ಪವನ್ನು ಲಿಂಗದ ಮೇಲಿಟ್ಟು ತಿಕ್ಕಿದರೆ ಅದು ಬೆಣ್ಣೆಯಾಗುತ್ತದೆಂಬುದು ಇಲ್ಲಿಯ ಪ್ರಸಿದ್ಧಿ. ಆ ಬೆಣ್ಣೆಯನ್ನು ಪ್ರಸಾದವೆಂದು, ಔಷಧವೆಂದು ಮನೆಗೆ ತರುವವರು ಇಂದಿಗೂ ಉಂಟು.

ನಾನು ಕನ್ನಡ ಪಂಡಿತ, ರಸಾಯನಶಾಸ್ತ್ರದ ಉಪಾಧ್ಯಾಯನಲ್ಲ. ಆದರೆ ಪ್ರೌಢಶಾಲೆಯಲ್ಲಿ ಬಹುಕಾಲ ಪಾಠ ಹೇಳಿದವನಿಗೆ ಪಕ್ಕದ ಕೊಠಡಿಯ ಪಾಠವೂ ಕಿವಿಗೆ ಬೀಳುತ್ತದೆ. ಒಮ್ಮೆ ವಿಜ್ಞಾನದ ಉಪಾಧ್ಯಾಯಿನಿ ಎಂಟನೆಯ ತರಗತಿಗೆ ಭೌತಿಕ ಬದಲಾವಣೆ, ರಾಸಾಯನಿಕ ಬದಲಾವಣೆ ಎಂಬ ಪಾಠ ಮಾಡುತ್ತಿದ್ದರು. ಹಿಂದಿರುಗಿಸಬಹುದಾದದ್ದು ಭೌತಿಕ, ಹಿಂದಿರುಗಿಸಲಾಗದ್ದು ರಾಸಾಯನಿಕ ಎಂದು ಮಕ್ಕಳು ಒಕ್ಕೊರಲಿನಿಂದ ಒಪ್ಪಿಸಿದರು. ಆಗ ಒಬ್ಬ ಹುಡುಗಿ ಎದ್ದು, ‘ಮಿಸ್, ಬೆಣ್ಣೆ ತುಪ್ಪ ಆಗೋದು ಯಾವುದು?’ ಎಂದಳು. ‘ರಾಸಾಯನಿಕ ಕಣಮ್ಮ’ ಎಂದರು ಉಪಾಧ್ಯಾಯಿನಿ. ‘ಬೆಟ್ಟದ ಗುಡೀಲಿ ತುಪ್ಪ ಮತ್ತೆ ಬೆಣ್ಣೆ ಆಗುತ್ತೆ ಅಂತಾರಲ್ಲ ನಮ್ಮಜ್ಜಿ, ಅವರು ಸುಳ್ಳು ಹೇಳ್ತಾರಾ ಮಿಸ್?’

ತರಗತಿ ನಿಶ್ಶಬ್ದವಾಯಿತು. ಓದುಗರೇ, ಈ ಪ್ರಶ್ನೆ ಹಗುರವಾದದ್ದಲ್ಲ. ಅಜ್ಜಿ ಸುಳ್ಳು ಹೇಳಿದರೆಂದರೆ ಮಗು ಮನೆಯನ್ನು ಕಳೆದುಕೊಳ್ಳುತ್ತದೆ; ಪುಸ್ತಕ ಸುಳ್ಳು ಹೇಳಿತೆಂದರೆ ಶಾಲೆಯನ್ನು ಕಳೆದುಕೊಳ್ಳುತ್ತದೆ. ಗದರಿಸಿ ಕೂರಿಸಿದರೆ ಎರಡನ್ನೂ ಉಳಿಸಿಕೊಂಡು ಕೇಳುವ ಬುದ್ಧಿಯನ್ನು ಕಳೆದುಕೊಳ್ಳುತ್ತದೆ; ಈ ಮೂರರಲ್ಲಿ ಇದೇ ದೊಡ್ಡ ನಷ್ಟ. ಆ ಉಪಾಧ್ಯಾಯಿನಿ ಜಾಣೆ. ‘ನಾಳೆ ಮಾಡಿಯೇ ನೋಡೋಣ, ನಿಮ್ಮಜ್ಜಿಯನ್ನು ಕೇಳಿ ಒಂದು ಬಟ್ಟಲು ಹಸುವಿನ ತುಪ್ಪ ತಾಮ್ಮ’ ಎಂದರು. ಮರುದಿನ ತರಗತಿಯಲ್ಲಿ ನಡೆದ ಪ್ರಯೋಗವನ್ನು ತಾವೂ ಮನೆಯಲ್ಲಿ ಮಾಡಬಹುದು. ಬಾನುಲಿಗೆ ಕಿವಿಯುಂಟು, ಬಾಯುಂಟು, ಕೈಯಿಲ್ಲ. ಕೈ ಓದುಗರದೇ ಆಗಬೇಕು.

ಅಗಲವಾದ ಹಿತ್ತಾಳೆಯ ಅಥವಾ ತಾಮ್ರದ ತಟ್ಟೆಯೊಂದರಲ್ಲಿ ಎರಡು ಮೂರು ಚಮಚ ಗಟ್ಟಿ ತುಪ್ಪವನ್ನು ಹಾಕಿ. ಎಮ್ಮೆಯ ತುಪ್ಪ ಮೊದಲೇ ಬಿಳುಪು. ಹಸುವಿನದಾದರೆ ಹಳದಿಯಾಗಿರುವುದರಿಂದ ಬದಲಾವಣೆ ಚೆನ್ನಾಗಿ ಕಾಣುತ್ತದೆ. ಅದರ ಮೇಲೆ ತಣ್ಣೀರು ಹನಿಸಿ ಅಂಗೈಯಿಂದ ಸುತ್ತ ತಿಕ್ಕುತ್ತ ಬನ್ನಿ. ಮಿಕ್ಕ ನೀರನ್ನು ಬಸಿದು ಹೊಸ ನೀರು ಹಾಕಿ ಮತ್ತೆ ತಿಕ್ಕಿ. ಸಲಸಲಕ್ಕೂ ತುಪ್ಪದ ಹರಳು ಕರಗಿ, ಹಳದಿ ತಿಳಿಯಾಗಿ, ಕಡೆಗೆ ಬೆಳ್ಳಗೆ ಮೃದುವಾದ ಮುದ್ದೆಯೊಂದು ಕೈಗೆ ಹತ್ತುತ್ತದೆ. ನೋಡಿದವರು ಅದನ್ನು ಬೆಣ್ಣೆಯೆಂದೇ ಹೇಳುವರು. ಇದೇನೂ ಹೊಸ ಕಂಡುಹಿಡಿತವಲ್ಲ. ಆಯುರ್ವೇದದಲ್ಲಿ ಶತಧೌತ ಘೃತವೆಂಬ ಲೇಪನವುಂಟು. ಶತಧೌತವೆಂದರೆ ನೂರು ಸಲ ತೊಳೆದದ್ದು. ಮೈಯುರಿಗೆ, ಸುಟ್ಟ ಗಾಯಕ್ಕೆ ಹಚ್ಚಲು ವೈದ್ಯರು ಅದನ್ನು ತಾಮ್ರದ ಪಾತ್ರೆಯಲ್ಲಿ ಹೀಗೆಯೇ ತೊಳೆದು ಸಿದ್ಧಪಡಿಸುತ್ತಾರೆ.

ಆದುದೇನು? ತುಪ್ಪವೆಂಬುದು ಹೆಚ್ಚು ಕಡಮೆ ಶುದ್ಧವಾದ ಕೊಬ್ಬು. ಅದರಲ್ಲಿ ಒಂದೇ ಬಗೆಯ ಕೊಬ್ಬಿಲ್ಲ. ಬೇಗ ಕರಗುವುದೂ ತಡವಾಗಿ ಕರಗುವುದೂ ಕೂಡಿಕೊಂಡಿವೆ. ಆದುದರಿಂದಲೇ ಚಳಿಗಾಲದ ತುಪ್ಪ ಅರ್ಧ ಹರಳು, ಅರ್ಧ ದ್ರವ. ಅಂಗೈಯ ಬಿಸಿಗೆ ಕರಗಿದ್ದು ತಣ್ಣನೆಯ ಲೋಹಕ್ಕೋ ಕಲ್ಲಿಗೋ ತಗುಲಿದಾಗ ಥಟ್ಟನೆ ಆರಿ ಅತಿ ಸಣ್ಣ ಹರಳುಗಳಾಗುತ್ತದೆ. ತಿಕ್ಕುವಾಗ ನೀರಿನ ಕಣಗಳೂ ಗಾಳಿಯ ಕಣಗಳೂ ಅದರೊಳಗೆ ಸಿಕ್ಕಿಬೀಳುತ್ತವೆ. ಹೀಗೆ ಲೆಕ್ಕವಿಲ್ಲದ ಕಣಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸುವುದರಿಂದ ಕಣ್ಣಿಗೆ ಬಿಳುಪು ತೋರುತ್ತದೆ. ಕಲ್ಲುಸಕ್ಕರೆ ಗಾಜಿನಂತಿದ್ದು ಪುಡಿ ಮಾಡಿದಾಗ ಬೆಳ್ಳಗಾಗುವುದೂ, ನೀರು ನೊರೆಯಾದಾಗ ಬೆಳ್ಳಗಾಗುವುದೂ ಇದೇ ಕಾರಣದಿಂದ. ಅಲ್ಲಿ ಹೊಸ ವಸ್ತುವೇನೂ ಹುಟ್ಟಲಿಲ್ಲ.

ಇಲ್ಲಿ ಪಂಡಿತನಾದ ನನ್ನದೊಂದು ಮಾತು ಸೇರಿಸುತ್ತೇನೆ. ಹಳಗನ್ನಡದಲ್ಲಿ ನೆಯ್ ಎಂದರೆ ತುಪ್ಪ. ಎಳ್ಳಿನ ನೆಯ್ ಎಣ್ಣೆಯಾಯಿತು. ಬೆಳ್ ಎಂದರೆ ಬಿಳುಪು. ಬೆಳ್ ಮತ್ತು ನೆಯ್ ಕೂಡಿ ಬೆಣ್ಣೆಯಾಯಿತು. ಎಂದರೆ ಬೆಣ್ಣೆ ಎಂಬ ಮಾತಿಗೆ ಅರ್ಥ ‘ಬಿಳಿಯ ತುಪ್ಪ’. ತುಪ್ಪಕ್ಕೂ ಬೆಣ್ಣೆಗೂ ಇರುವ ನಂಟನ್ನು ನಮ್ಮ ಹಿರಿಯರು ಹೆಸರಿಡುವಾಗಲೇ ಗುರುತಿಸಿದ್ದರು.

ಇನ್ನು ಪ್ರಯೋಗದ ಎರಡನೆಯ ಭಾಗ. ತಟ್ಟೆಯ ಆ ಬಿಳಿಯ ಮುದ್ದೆಯನ್ನು ಒಂದು ಸೌಟಿನಲ್ಲಿಟ್ಟು ಸಣ್ಣ ಉರಿಯಲ್ಲಿ ಕಾಯಿಸಿ. ಪಕ್ಕದಲ್ಲಿ ಇನ್ನೊಂದು ಸೌಟಿನಲ್ಲಿ ಕಡೆದು ತೆಗೆದ ನಿಜವಾದ ಬೆಣ್ಣೆಯನ್ನಿಟ್ಟು ಕಾಯಿಸಿ. ಎರಡೂ ಚಟಚಟ ಎನ್ನುತ್ತವೆ. ಮೇಲೆ ತಣ್ಣನೆಯ ತಟ್ಟೆಯನ್ನು ಹಿಡಿದರೆ ಅದರ ಅಡಿಯಲ್ಲಿ ನೀರಿನ ಹನಿ ಮೂಡುತ್ತದೆ. ಹೊರಟುಹೋದದ್ದು ನೀರೆಂಬುದಕ್ಕೆ ಇದೇ ಸಾಕ್ಷಿ. ಅಂಗಡಿಯ ಬೆಣ್ಣೆಯಲ್ಲಿ ಕೊಬ್ಬು ನೂರಕ್ಕೆ 80ಕ್ಕಿಂತ ಕಡಮೆಯಿರಬಾರದು, ನೀರು 16ನ್ನು ಮೀರಬಾರದು ಎಂಬ ನಿಯಮವುಂಟು. 100 ಗ್ರಾಂ ಬೆಣ್ಣೆಗೆ ಸುಮಾರು 80 ಗ್ರಾಂ ತುಪ್ಪ ಏಕೆಂಬುದು ಗೃಹಿಣಿಯರಿಗೆ ಇದರಿಂದ ತಿಳಿಯುತ್ತದೆ. ಚಟಚಟ ನಿಂತಮೇಲೆ ಎರಡು ಸೌಟನ್ನೂ ಹೋಲಿಸಿ. ನಿಜವಾದ ಬೆಣ್ಣೆಯ ತಳದಲ್ಲಿ ಕಂದುಬಣ್ಣದ ಗಸಿ ಇದೆ, ಘಮಘಮ ಪರಿಮಳವಿದೆ. ತಿಕ್ಕಿ ಮಾಡಿದ ಬೆಣ್ಣೆಯ ತಳದಲ್ಲಿ, ಮೊದಲೇ ಸೋಸಿದ ತುಪ್ಪವಾಗಿದ್ದರೆ, ಗಸಿಯೇ ಇಲ್ಲ.

ಹುಡುಗಿಯ ಪ್ರಶ್ನೆಗೆ ಉತ್ತರವಿರುವುದು ಈ ಗಸಿಯಲ್ಲಿ. ಕಡೆದ ಬೆಣ್ಣೆಯಲ್ಲಿ ಕೊಬ್ಬು, ನೀರುಗಳ ಜೊತೆಗೆ ಮಜ್ಜಿಗೆಯಿಂದ ಬಂದ ಪ್ರೋಟೀನೂ ಹಾಲಿನ ಸಕ್ಕರೆಯೂ ಸ್ವಲ್ಪವಿರುತ್ತವೆ. ಬಿಸಿಯಲ್ಲಿ ಇವೆರಡೂ ಕೂಡಿ ಹೊಸ ಬಣ್ಣವನ್ನೂ ಹೊಸ ಪರಿಮಳವನ್ನೂ ಹಡೆಯುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮೈಯಾರ್ ಎಂಬಾತನ ಹೆಸರೇ ಈ ಕ್ರಿಯೆಗೆ ನಿಂತಿದೆ. ಹುರಿದ ಕಾಫಿಬೀಜದ ಘಮವೂ ದೋಸೆಯ ಕೆಂಪೂ ಈ ಜಾತಿಯವೇ. ಆದುದರಿಂದ ಬೆಣ್ಣೆ ಕಾಯಿಸುವಾಗ ಒಂದೇ ಪಾತ್ರೆಯಲ್ಲಿ ಎರಡು ಬದಲಾವಣೆಗಳು ನಡೆಯುತ್ತವೆ: ಕೊಬ್ಬು ಕರಗಿ ನೀರು ಆರಿಹೋಗುವುದು ಭೌತಿಕ, ಗಸಿ ಕೆಂಪಾಗಿ ಘಮಗುಟ್ಟುವುದು ರಾಸಾಯನಿಕ. ಮೊದಲನೆಯದನ್ನು ತಣ್ಣೀರಿನಿಂದ ತಿಕ್ಕಿ ಹಿಂದಿರುಗಿಸಬಹುದು; ಎರಡನೆಯದನ್ನು ಯಾರೂ ಹಿಂದಿರುಗಿಸಲಾರರು. ಅಜ್ಜಿ ಕಂಡದ್ದು ನಿಜ. ಪುಸ್ತಕ ಹೇಳಿದ್ದರಲ್ಲಿಯೂ ನಿಜವುಂಟು. ಎರಡರ ನಡುವೆ ಒಂದು ಸೌಟು, ಒಂದು ತಟ್ಟೆ ಬೇಕಾಗಿದ್ದುವು, ಅಷ್ಟೆ. ಗುಡಿಯಲ್ಲಿ ಭಕ್ತರು ಕೈಮುಗಿಯುವುದು ದೇವರಿಗೆ. ಆ ಭಕ್ತಿಯನ್ನು ಅಳೆಯುವುದು ರಸಾಯನಶಾಸ್ತ್ರದ ಕೆಲಸವಲ್ಲ. ತುಪ್ಪವನ್ನು ಅಳೆಯುವುದು ಅದರ ಕೆಲಸ.

ಹಾಗಾದರೆ ‘ಹಿಂದಿರುಗಿಸಬಹುದಾದದ್ದೆಲ್ಲ ಭೌತಿಕ’ ಎಂಬ ಸೂತ್ರ ಸರಿಯೆ? ಇದನ್ನು ಪರೀಕ್ಷಿಸಲು ಮಂಗಳಾರತಿಯ ತಟ್ಟೆಯೇ ಸಾಕು. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ. ಆರತಿಯ ಓಕುಳಿ ನೀರನ್ನು ನಮ್ಮ ಹೆಂಗಸರು ಮಾಡುವುದು ಹೀಗೆಯೆ. ಈಗ ಅದಕ್ಕೆ ನಿಂಬೆಯ ರಸ ಹಿಂಡಿ. ಕೆಂಪು ಮಾಯವಾಗಿ ಹಳದಿ ತಿರುಗಿ ಬರುತ್ತದೆ. ಸುಣ್ಣ ಹಾಕಿದರೆ ಮತ್ತೆ ಕೆಂಪು. ಎಷ್ಟು ಸಲ ಬೇಕಾದರೂ ಹಿಂದುಮುಂದಾಗುವ ಈ ಬದಲಾವಣೆ ರಾಸಾಯನಿಕವೇ ಹೌದು. ಸುಣ್ಣ ಪ್ರತ್ಯಾಮ್ಲ, ನಿಂಬೆಯ ರಸ ಆಮ್ಲ. ಅರಿಸಿನದ ಬಣ್ಣದ ಅಣು ಒಂದರ ಸಹವಾಸದಲ್ಲಿ ಒಂದು ರೂಪ, ಇನ್ನೊಂದರ ಸಹವಾಸದಲ್ಲಿ ಇನ್ನೊಂದು ರೂಪ ತಾಳುತ್ತದೆ. ಆದುದರಿಂದ ಕೇಳಬೇಕಾದ ಪ್ರಶ್ನೆ ‘ಹಿಂದಿರುಗುವುದೆ?’ ಎಂಬುದಲ್ಲ, ‘ಹೊಸ ವಸ್ತು ಹುಟ್ಟಿತೆ?’ ಎಂಬುದು. ಬಾಯಿಪಾಠದ ಸೂತ್ರವನ್ನು ಒಂದು ಚಿಟಿಕೆ ಅರಿಸಿನ ತಿದ್ದಬಲ್ಲುದು.

ಸುಣ್ಣದ ಮಾತು ಬಂದಿತು. ಚೂರ್ಣವೆಂಬ ಸಂಸ್ಕೃತ ಶಬ್ದದ ತದ್ಭವವೇ ಸುಣ್ಣ. ಎಲೆಯಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿಯೆಲ್ಲ ನಿಲ್ಲಿಸಿ, ಮೇಲಿನ ತಿಳಿಯನ್ನು ಮಾತ್ರ ಒಂದು ಗಾಜಿನ ಲೋಟಕ್ಕೆ ಬಸಿದುಕೊಳ್ಳಿ. ಅದರೊಳಕ್ಕೆ ಕೊಳವೆಯಿಂದ ಮೆಲ್ಲಗೆ ಉಸಿರೂದಿದರೆ ತಿಳಿನೀರು ಹಾಲಿನಂತಾಗುತ್ತದೆ. ಊದಬೇಕು, ಹೀರಬಾರದು, ಮಕ್ಕಳಿಗೆ ಇದನ್ನು ಎರಡು ಸಲ ಹೇಳತಕ್ಕದ್ದು. ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡು ಸುಣ್ಣದೊಡನೆ ಕೂಡಿ ನೀರಿನಲ್ಲಿ ಕರಗದ ಬಿಳಿಯ ಪುಡಿಯಾಯಿತು. ಸುಣ್ಣಕಲ್ಲಿನ ವಸ್ತುವೂ ಅದೇ. ಗೋಡೆಗೆ ಬಳಿದ ಸುಣ್ಣ ಮೊದಲು ಮಾಸಲಾಗಿದ್ದು ದಿನ ಕಳೆದಂತೆ ಬೆಳ್ಳಗೆ ಗಟ್ಟಿಯಾಗುವುದು ಗಾಳಿಯಿಂದ ಈ ಅನಿಲವನ್ನೇ ಹೀರಿಕೊಂಡು. ಕಲ್ಲನ್ನು ಸುಟ್ಟು ಸುಣ್ಣ ಮಾಡಿದೆವು. ಸುಣ್ಣ ಗೋಡೆಯ ಮೇಲೆ ಮತ್ತೆ ಕಲ್ಲಾಯಿತು. ಇದು ಹಿಂದಿರುಗಿದರೂ ರಾಸಾಯನಿಕವೇ.

ಕಣ್ಣಿಗೆ ತೋರಿಸಿದ ಮಾತ್ರಕ್ಕೆ ಪಾಠ ಮುಗಿಯಿತೆಂದು ಭಾವಿಸಬಾರದು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ರಸಾಯನದ ಕೊಠಡಿಗೆ ಹೇಳಿ ಮಾಡಿಸಿದಂತಿದೆ. ಉದಾಹರಣೆಗೆ ಬಹಳ ಶಾಲೆಗಳಲ್ಲಿ ಮಾಡುವ ಮೇಣದಬತ್ತಿಯ ಪ್ರಯೋಗವನ್ನು ತೆಗೆದುಕೊಳ್ಳಿ. ತಟ್ಟೆಯಲ್ಲಿ ನೀರು ಹಾಕಿ, ನಡುವೆ ಬತ್ತಿ ಹೊತ್ತಿಸಿ, ಮೇಲೆ ಲೋಟ ಬೋರಲಿಟ್ಟರೆ ಬತ್ತಿ ಆರಿ ನೀರು ಲೋಟದೊಳಗೆ ಏರುತ್ತದೆ. ‘ಗಾಳಿಯಲ್ಲಿ ಐದರಲ್ಲೊಂದು ಪಾಲು ಆಮ್ಲಜನಕ; ಅದು ಉರಿದುಹೋಯಿತು; ಅಷ್ಟು ನೀರು ಏರಿತು’ ಎಂದು ವಿವರಣೆ ಕೊಡುವುದು ವಾಡಿಕೆ. ಚೆನ್ನಾಗಿ ಗಮನಿಸಿದವರಿಗೆ ಎರಡು ಸಂಗತಿಗಳು ಕಾಣುತ್ತವೆ. ಬತ್ತಿ ಉರಿಯುತ್ತಿರುವಾಗ ನೀರು ಅಷ್ಟಾಗಿ ಏರದೆ, ಆರಿದಮೇಲೆ ಸರ್ರನೆ ಏರುತ್ತದೆ. ಒಂದರ ಬದಲು ಮೂರು ಬತ್ತಿ ಇಟ್ಟರೆ ನೀರು ಇನ್ನೂ ಮೇಲೇರುತ್ತದೆ. ಲೋಟದ ಆಮ್ಲಜನಕವೇನೂ ಮೂರುಪಟ್ಟಾಗಲಿಲ್ಲವಷ್ಟೆ. ಕಾರಣವಿಷ್ಟು: ಉರಿಗೆ ಗಾಳಿ ಕಾದು ಹಿಗ್ಗುತ್ತದೆ, ಸ್ವಲ್ಪ ಹೊರಕ್ಕೆ ಹೋಗುತ್ತದೆ, ಬತ್ತಿ ಆರಿದೊಡನೆ ಉಳಿದದ್ದು ತಣಿದು ಕುಗ್ಗುತ್ತದೆ, ಹೊರಗಿನ ಗಾಳಿ ನೀರನ್ನು ಒಳಕ್ಕೆ ದಬ್ಬುತ್ತದೆ. ಆಮ್ಲಜನಕ ಪೂರ್ತಿ ಮುಗಿಯುವುದೂ ಇಲ್ಲ. ನೂರಕ್ಕೆ 21 ಇದ್ದದ್ದು ಸುಮಾರು 16ಕ್ಕೆ ಇಳಿಯುವಷ್ಟರಲ್ಲಿ ಬತ್ತಿ ಆರಿಬಿಡುತ್ತದೆ.

ಐದರಲ್ಲೊಂದು ಪಾಲನ್ನು ನಿಜವಾಗಿ ತೋರಿಸಬೇಕಾದರೆ ಬೆಂಕಿಯೇ ಬೇಡ, ತಾಳ್ಮೆ ಬೇಕು. ಉದ್ದನೆಯ ಗಾಜಿನ ಲೋಟದ ಒಳಮೈಯನ್ನು ಒದ್ದೆ ಮಾಡಿ, ಅರದಿಂದ ಉಜ್ಜಿ ತೆಗೆದ ಕಬ್ಬಿಣದ ಪುಡಿಯನ್ನು ಧಾರಾಳವಾಗಿ ಅಂಟಿಸಿ, ನೀರಿನ ತಟ್ಟೆಯಲ್ಲಿ ಬೋರಲಿಡಿ. ಕೆಲವು ದಿನಗಳಲ್ಲಿ ಪುಡಿ ತುಕ್ಕು ಹಿಡಿದು, ನೀರು ಮೆಲ್ಲಮೆಲ್ಲಗೆ ಲೋಟದ ಐದರಲ್ಲೊಂದು ಪಾಲಿನ ಹತ್ತಿರಕ್ಕೆ ಏರಿ ನಿಲ್ಲುತ್ತದೆ. ತುಕ್ಕು ಘನವಸ್ತು, ಅದರೊಳಗೆ ಆಮ್ಲಜನಕ ಸೇರಿಕೊಂಡುಬಿಟ್ಟಿದೆ. ಪಾತ್ರೆ ಉಜ್ಜುವ ಸ್ಟೇನ್‌ಲೆಸ್ ಉಕ್ಕಿನ ನಾರಿನಿಂದ ಇದು ಆಗದು; ಅದು ತುಕ್ಕು ಹಿಡಿಯದಂತೆಯೇ ಮಾಡಿದ ಉಕ್ಕು.

ಆಮ್ಲಜನಕ ಎಂಬ ಹೆಸರನ್ನೇ ನೋಡಿ. ಆಮ್ಲವನ್ನು ಜನಿಸುವಂತೆ ಮಾಡುವುದು ಎಂದು ಅದರ ಅರ್ಥ. ಎಲ್ಲ ಆಮ್ಲಗಳಲ್ಲಿಯೂ ಈ ಅನಿಲವಿದೆಯೆಂದು ಫ್ರಾನ್ಸಿನ ಲವಾಸಿಯೆ ನಂಬಿ ಇಟ್ಟ ಹೆಸರಿನ ಅನುವಾದವಿದು. ಅಂತಹ ಆಮ್ಲವೊಂದರಲ್ಲಿ, ಇಂದಿನ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಅದು ಇಲ್ಲವೇ ಇಲ್ಲವೆಂದು 1810ರ ಸುಮಾರಿಗೆ ಇಂಗ್ಲೆಂಡಿನ ಡೇವಿ ತೋರಿಸಿಕೊಟ್ಟ. ನಂಬಿಕೆ ಬಿದ್ದುಹೋಯಿತು, ಹೆಸರು ಉಳಿಯಿತು. ಪದವನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಪದಾರ್ಥ ತಿಳಿಯುವುದಿಲ್ಲವೆಂಬುದಕ್ಕೆ ಭಾಷೆಯ ಉಪಾಧ್ಯಾಯನಾದ ನಾನು ಕೊಡಬಲ್ಲ ಸಾಕ್ಷ್ಯವಿದು.

ದೊಡ್ಡವರು ಈ ಮಾರ್ಗವನ್ನು ಹಿಂದೆಯೇ ತೋರಿಸಿದ್ದಾರೆ. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕದ ರಟ್ಟು ಕಟ್ಟುವ ಕೆಲಸ ಕಲಿತು, ಮಹಾವಿಜ್ಞಾನಿಯಾದ ಮೈಕೆಲ್ ಫ್ಯಾರಡೆ 1860ರ ಕ್ರಿಸ್ಮಸ್ ರಜೆಯಲ್ಲಿ ಲಂಡನ್ನಿನ ಮಕ್ಕಳಿಗೆ ಒಂದು ಮೇಣದಬತ್ತಿಯನ್ನು ಮುಂದಿಟ್ಟುಕೊಂಡು ಆರು ಉಪನ್ಯಾಸಗಳನ್ನು ಕೊಟ್ಟ. ಅವು 1861ರಲ್ಲಿ ಪುಸ್ತಕವಾದುವು. ನಮ್ಮಲ್ಲಿ ಬೆಂಗಳೂರು ಸೆಂಟ್ರಲ್ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಆರಂಭಿಸಿ, ಯಾವುದನ್ನೂ ಕೇಳದೆ ಒಪ್ಪಬೇಡಿರೆಂದು ಮಕ್ಕಳಿಗೆ ಬಾಳಿನುದ್ದಕ್ಕೂ ಹೇಳಿದರು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತೂ ಇದೇ ದಾರಿ ಹಿಡಿಯಿತು. ಇಷ್ಟಿದ್ದೂ ಹಲವು ಶಾಲೆಗಳಲ್ಲಿ ಪ್ರಯೋಗದ ಬೀರು ಬೀಗ ಹಾಕಿಕೊಂಡೇ ಇರುತ್ತದೆ; ಸಾಮಾನಿಲ್ಲ ಎಂಬುದು ಸಮಾಧಾನ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಮೇಲೆ ಹೇಳಿದ ಪ್ರಯೋಗಗಳಿಗೆ ಅಡಿಗೆಮನೆಯಲ್ಲಿಯೂ ಅರ ಹಾಕುವ ಅಂಗಡಿಯಲ್ಲಿಯೂ ಸಿಕ್ಕದ ಸಾಮಾನು ಒಂದೂ ಬೇಕಾಗಿಲ್ಲ.

ಕಡೆಯದಾಗಿ ಎಚ್ಚರಿಕೆಯ ಮಾತು. ಪ್ರಯೋಗ ಮಾಟವಾಗಬಾರದು, ಅಪಾಯವಂತೂ ಆಗಲೇಬಾರದು. ವಿಜ್ಞಾನ ಪ್ರದರ್ಶನಗಳಲ್ಲಿ ಅಮೋನಿಯಂ ಡೈಕ್ರೋಮೇಟನ್ನು ಹೊತ್ತಿಸಿ ಜ್ವಾಲಾಮುಖಿ ತೋರಿಸುವುದುಂಟು. ಆ ಲವಣ ವಿಷ, ಕ್ಯಾನ್ಸರಿಗೂ ಕಾರಣವಾಗಬಲ್ಲುದು. ಮೆಥನಾಲ್ ಸುರಿದು ಬಣ್ಣದ ಜ್ವಾಲೆ ತೋರಿಸಲು ಹೋಗಿ ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಸುಟ್ಟುಕೊಂಡದ್ದರಿಂದ ಅಲ್ಲಿಯ ರಾಸಾಯನಿಕ ಸುರಕ್ಷಾ ಮಂಡಲಿ 2014ರಲ್ಲಿ ಎಚ್ಚರಿಕೆಯ ಪತ್ರವನ್ನೇ ಹೊರಡಿಸಬೇಕಾಯಿತು. ಮನೆಯಲ್ಲಿಯೂ ಅರಳದ ಸುಣ್ಣದ ಹರಳನ್ನು ಮಕ್ಕಳ ಕೈಗೆ ಕೊಡಬೇಡಿ. ನೀರು ಬಿದ್ದರೆ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ಕಾದ ತುಪ್ಪಕ್ಕೆ ನೀರು ಹನಿಸಬೇಡಿ. ಒಲೆಯ ಬಳಿ ದೊಡ್ಡವರೊಬ್ಬರು ನಿಂತಿರಲಿ.

ಇಷ್ಟು ಎಚ್ಚರವಿದ್ದರೆ ಮುಂದಿನ ಸಲ ಮನೆಯಲ್ಲಿ ಬೆಣ್ಣೆ ಕಾಯಿಸುವ ದಿನ ಮಕ್ಕಳನ್ನು ಕರೆದು ಕೂರಿಸಿಕೊಳ್ಳಿ. ಮೊದಲು ಬೆಣ್ಣೆಯನ್ನು ತೂಗಿಸಿ, ಕೊನೆಗೆ ತುಪ್ಪವನ್ನು ತೂಗಿಸಿ; ಕಡಮೆಯಾದದ್ದು ಎಲ್ಲಿಗೆ ಹೋಯಿತೆಂದು ಅವರೇ ಹೇಳಲಿ. ಉತ್ತರ ತಡವಾದರೆ ಅವಸರಪಡಿಸಬೇಡಿ. ಗಸಿಯಲ್ಲಿ ನಾಲ್ಕು ಎಲೆ ನುಗ್ಗೆಸೊಪ್ಪು ಹುರಿದು ಕೊಟ್ಟರೆ ಅಷ್ಟು ಹೊತ್ತು ಅವರು ಕಾದಾರು.